ಮಂಚದಡಿಯ ಬ್ಯಾಟರಿಗಳು

ಊರಂಚಿನ ಹಳೆಯ ಕಲ್ಲುಗಣಿಯ ಪಕ್ಕ ಒಂದು ವಿಶಾಲವಾದ ಬಯಲಿತ್ತು. ಬಾಡಿಗೆ ಮನೆಯ ಸಹವಾಸ ಸಾಕೆಂದವರು, ಒಂದು ಕಡೆ ಕಾಲೂರಿ ಗೊತ್ತಿಲ್ಲದವರು ತಮ್ಮ ಕ್ಯಾಂಪರ್ ವ್ಯಾನುಗಳನ್ನು ಅಲ್ಲಿ ನಿಲ್ಲಿಸಿಕೊಂಡು ಅದರೊಳಗೇ ಸಂಸಾರ ಮಾಡುತ್ತಿದ್ದರು. ಅವರೆಲ್ಲರ ದೀಪ, ಫ್ಯಾನು, ಫ್ರಿಜ್ಜುಗಳ ಜೀವ ಒಬ್ಬ ಹೆಂಗಸಿನ ಕೈಯಲ್ಲಿತ್ತು. ಬ್ಯಾಟರಿಗೆ ನೀರು ಹಾಕುತ್ತಾ ತಿರುಗುವವಳೆಂದು ಅವಳನ್ನು ಎಲ್ಲರೂ ನೀರಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅವಳ ಗಂಡನಿಗಾದರೂ ನೆನಪಿತ್ತೋ ಇಲ್ಲವೋ. ಸಿಟಿ ಬಸ್ಸಿನ ಡ್ರೈವರಾದ ಅವನೂ ಮನೆಗೆ ಬಂದೊಡನೆ "ನೀರಕ್ಕೋ, ನೀರು ಕೊಡು" ಎಂದು ನಗುತ್ತಿದ್ದ.

ಅಂಗಡಿ ಅವಳ ಅಪ್ಪನದು. ಒಂದೇ ಕೋಣೆ. ಆಸಿಡ್ ತಿಂದು ತಿಂದು ನೆಲ ಸಿಡುಬಿನ ಕಲೆಬಿದ್ದ ಮುಖದಂತಾಗಿತ್ತು. ಒಳಗೆ ಕಾಲಿಟ್ಟವರಿಗೆ ಮೊದಲು ಮೂಗು ಚುರ್ರೆನ್ನುತ್ತಿತ್ತು, ಆಮೇಲೆ ಕಣ್ಣು. ನೀರಕ್ಕನ ಬಟ್ಟೆಗಳೆಲ್ಲ ಸಣ್ಣ ಸಣ್ಣ ತೂತು. ಹೊಸದು ಉಟ್ಟರೆ ವಾರದೊಳಗೆ ಜರಡಿ. ಅಪ್ಪ ಸತ್ತು ಎಷ್ಟೋ ವರ್ಷವಾಗಿದ್ದರೂ ಅವನ ಮರದ ಸ್ಟೂಲು ಮೂಲೆಯಲ್ಲಿ ಹಾಗೇ ಇತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಕೂರಬಾರದೆಂದು ಯಾರೂ ಹೇಳಿಯೂ ಇರಲಿಲ್ಲ.

ಆ ಚಳಿಗಾಲದಲ್ಲಿ ಬಯಲಿಗೆ ಹೊಸದಾಗಿ ಬಂದವಳು ದರ್ಜಿಯಮ್ಮ. ಐವತ್ತರ ಆಸುಪಾಸಿನ ಒಂಟಿ ಹೆಂಗಸು. ಯಾವುದೋ ಡೀಲರನಿಂದ ಹಳೆಯ ವ್ಯಾನೊಂದನ್ನು ಕೊಂಡು, ಹಸಿರು ಬಣ್ಣ ಬಳಿಸಿ, ಒಳಗೆ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಆಸ್ಪತ್ರೆಯ ಲಾಂಡ್ರಿಗೆ ಹೋಗಿ ಹರಿದ ಹೊದಿಕೆ, ದಿಂಬು, ನರ್ಸುಗಳ ಕೋಟು ರಿಪೇರಿ ಮಾಡಿಕೊಟ್ಟು, ಸಂಜೆ ಬಂದು ತನ್ನ ಗಿರಾಕಿಗಳ ಬಟ್ಟೆ ಹೊಲಿಯುತ್ತಿದ್ದಳು. ಅವಳು ಒಂದು ದಿನ ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದಳು:

"ನೀರಕ್ಕ, ನನ್ನ ಬ್ಯಾಟರಿಗೆ ಏನೋ ರೋಗ ಬಂದಿದೆ. ಮೇಲ್ಗಡೆ ಸೋಲಾರ್ ಹಲಗೆ ಇದೆ. ದಿನವೆಲ್ಲ ಬಿಸಿಲು ತಿನ್ನುತ್ತೆ. ಸಂಜೆ ಬಂದು ಮೆಷಿನ್ ಹಾಕಿದ್ರೆ ನಾಲ್ಕು ಹೊಲಿಗೆ ಹಾಕೋದ್ರೊಳಗೆ ಕುಯ್ಯಿ ಅಂತ ಕೂಗಿ ನಿಂತುಬಿಡುತ್ತೆ."

"ಬಿಸಿಲೇ ಎಲ್ಲಿದೆ ದರ್ಜಿಯಮ್ಮ, ಮಂಜು ಸುರೀತಾ ಇದೆ. ಆದ್ರೂ ಅಷ್ಟು ಬೇಗ ಸಾಯಬಾರದು. ಬರ್ತೀನಿ ನಡಿ."

ಇಂಥ ವ್ಯಾನಿನಲ್ಲಿ ಬ್ಯಾಟರಿ ಎರಡು ಥರ. ಒಂದು ಎಂಜಿನ್ನಿನದು. ಕೀಲಿ ತಿರುವಿದಾಗ ಒಂದು ಸಲ ಮೈಕೊಡವಿ ಸುಮ್ಮನಾಗುತ್ತದೆ. ಇನ್ನೊಂದು ಮನೆಯದು. ಅದು ಸೊಸೆಯ ಹಾಗೆ, ಹಗಲೂ ರಾತ್ರಿ ದುಡಿಯುತ್ತಲೇ ಇರಬೇಕು. ಅರ್ಧಕ್ಕಿಂತ ಹೆಚ್ಚು ಹಿಂಡಿದರೆ ಆಯುಷ್ಯ ಕಡಿಮೆ. ನೀರು ಇಳಿದು ಒಳಗಿನ ಸೀಸದ ಹಲಗೆಗಳು ಒಣಗಿದರಂತೂ ಮುಗಿಯಿತು. ದರ್ಜಿಯಮ್ಮನ ವ್ಯಾನಿನಲ್ಲಿ ಈ ಮನೆ ಬ್ಯಾಟರಿಗಳು ಮಂಚದ ಅಡಿಯ ಪೆಟ್ಟಿಗೆಯಲ್ಲಿದ್ದವು. ನೀರಕ್ಕ ಮೊಣಕಾಲೂರಿ, ಮಂಚದ ಪಕ್ಕದ ಹಲಗೆ ಸರಿಸಿ, ಟಾರ್ಚು ಬಿಟ್ಟಳು.

ಧೂಳು, ಬೂಷ್ಟು, ತಂತಿಯ ತುದಿಗೆ ಹಸಿರು ಕಿಲುಬು ಇರುತ್ತದೆಂದುಕೊಂಡಿದ್ದಳು. ಒಂದೂ ಇರಲಿಲ್ಲ. ತುದಿಗಳು ಬೆಳಗಿದ ಲೋಟದಂತೆ ಹೊಳೆಯುತ್ತಿದ್ದವು. ಮೇಲೆ ತೆಳ್ಳಗೆ ವ್ಯಾಸಲಿನ್. ಮುಚ್ಚಳ ತಿರುಗಿಸಿ ನೋಡಿದರೆ ಪ್ರತಿಯೊಂದರಲ್ಲೂ ನೀರು ಗೆರೆಗೆ ಸರಿಯಾಗಿ ನಿಂತಿತ್ತು.

"ಯಾರು ನೋಡ್ಕೋತಾರೆ ಇದನ್ನ?"

"ಯಾರೂ ಇಲ್ಲ," ಎಂದಳು ದರ್ಜಿಯಮ್ಮ. "ಆ ಪೆಟ್ಟಿಗೆ ಅಲ್ಲಿದೆ ಅಂತ ನನಗೆ ಈಗ ಗೊತ್ತಾಗ್ತಿರೋದು."

ನೀರಕ್ಕ ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದಳು. ತಂತಿ ಕಚ್ಚಿಕೊಂಡ ಜಾಗದ ಬುಡದಲ್ಲಿ ಹಳೆಯ ಕಂಬಳಿಯಿಂದ ಕತ್ತರಿಸಿದ ಪುಟ್ಟ ಬಿಲ್ಲೆಗಳು ಕೂತಿದ್ದವು, ಎಣ್ಣೆಯಲ್ಲಿ ನೆನೆದು. ಒಂದೊಂದು ಬಿಲ್ಲೆಗೂ ಇಲಿಯ ಬಾಲದಂತೆ ಒಂದು ಎಳೆ ಹೊರಗೆ ಚಾಚಿಕೊಂಡಿತ್ತು.

ಕಿಲುಬು ಹಿಡಿಯದಿರಲೆಂದು ಬಿಲ್ಲೆ ಇಡುವವರು ಬೇಕಾದಷ್ಟು ಜನ. ಈಗ ಅದು ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತದೆ. ಆದರೆ ಅದಕ್ಕೆ ಬಾಲ ಬಿಡುತ್ತಿದ್ದವನು ಒಬ್ಬನೇ. "ಬಾಲ ಇದ್ರೆ ಹಿಡಿದು ಎಳೀಬಹುದು ಮಗಳೇ, ಇಲ್ದಿದ್ರೆ ಉಗುರು ಹೋಗುತ್ತೆ" ಎನ್ನುತ್ತಿದ್ದ ಅಪ್ಪ. ಅವನ ನಂತರ ಅವಳೂ ಆ ಪದ್ಧತಿ ಬಿಟ್ಟಿದ್ದಳು. ಬಿಲ್ಲೆಯನ್ನು ಬೆರಳಲ್ಲಿ ಒತ್ತಿದಳು. ಎಣ್ಣೆ ಇನ್ನೂ ಹಸಿಯಾಗಿತ್ತು. ನಿನ್ನೆಯದೋ ಮೊನ್ನೆಯದೋ.

ದರ್ಜಿಯಮ್ಮನಿಗೆ ಏನೂ ಹೇಳಲಿಲ್ಲ. ಬಿಸಿಲಿನ ಕರೆಂಟನ್ನು ಹದಮಾಡಿ ಬ್ಯಾಟರಿಗೆ ಬಿಡುವ ಡಬ್ಬಿ ಕೆಟ್ಟಿರಬೇಕು ಎಂದು ಹೊಸದನ್ನು ಹಾಕಿ ಮನೆಗೆ ಬಂದಳು. ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಿಮ್ಮಪ್ಪ ಬದುಕಿದ್ದಾಗ ಮೂರು ಸಲ ಕರೆದ್ರೂ ಬರ್ತಿರಲಿಲ್ಲ. ಈಗ ಕರೀದೇನೇ ಹೋಗಿ ಕೆಲಸ ಮಾಡಿಕೊಡ್ತಾರಾ? ಆ ವ್ಯಾನು ಹಳೇದು ಕಣೇ. ಎಂದೋ ಮಾಡಿದ ಕೆಲಸ ಇರಬೇಕು."

"ಎಣ್ಣೆ ಹಸಿಯಾಗಿದೆ ರೀ."

"ಚಳಿಗೆ ಒಣಗಿರಲ್ಲ ಬಿಡು."

ಎಣ್ಣೆ ಹಾಗೆ ವರ್ಷಗಟ್ಟಲೆ ಹಸಿಯಾಗಿರುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡು ಅಂದಿನ ಬಸ್ಸಿನಲ್ಲಿ ನಡೆದ ಜಗಳದ ಕಥೆ ಶುರುಮಾಡಿದ.

ಹೊಸ ಡಬ್ಬಿ ಹಾಕಿದ್ದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ವಾರ ಕಳೆಯುವುದರೊಳಗೆ ದರ್ಜಿಯಮ್ಮ ಮತ್ತೆ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದಳು.

"ಬ್ಯಾಟರಿ ಒಂದೇ ಅಲ್ಲ ನೀರಕ್ಕ. ಹೇಳಿದ್ರೆ ನನಗೆ ತಲೆ ಕೆಟ್ಟಿದೆ ಅಂತೀರಿ. ಬೆಳಿಗ್ಗೆ ಟೀ ಕುಡಿದು ಲೋಟ ಹಾಗೇ ಬಿಟ್ಟು ಓಡ್ತೀನಿ, ಸಂಜೆ ಬಂದ್ರೆ ತೊಳೆದು ಬೋರಲು ಹಾಕಿರುತ್ತೆ. ನಾನೇ ತೊಳೆದು ಮರೆತೆ ಅಂದ್ಕೊಂಡೆ. ದಾರದ ಉಂಡೆಗಳು ಬಣ್ಣಬಣ್ಣಕ್ಕೆ ಜೋಡಿಸಿರುತ್ತೆ. ಅದನ್ನೂ ನಾನೇ ಅಂದ್ಕೊಂಡೆ. ಆದ್ರೆ ಆ ಬೊಂಬೆ..."

"ಯಾವ ಬೊಂಬೆ?"

"ನೀವೇ ಬಂದು ನೋಡಿ. ನಾನಿನ್ನೂ ಒಳಗೆ ಹೋಗಿಲ್ಲ ಇವತ್ತು. ಕೆಲಸದಿಂದ ಸೀದಾ ಇಲ್ಲಿಗೇ ಬಂದೆ."

ಇಬ್ಬರೂ ನಡೆದರು. ಹೊತ್ತು ಇಳಿಯುತ್ತಿತ್ತು. ಗಣಿಯ ಗುಂಡಿಯಿಂದ ಎದ್ದ ಮಂಜು ವ್ಯಾನುಗಳ ಚಕ್ರ ನುಂಗಿ ಕಿಟಕಿಯತ್ತ ಏರುತ್ತಿತ್ತು. ದರ್ಜಿಯಮ್ಮ ಬೀಗ ತೆಗೆದಳು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಯಾರೋ ಈಗ ತಾನೇ ಎದ್ದು ಹೋದ ಕೋಣೆಯಲ್ಲಿರುತ್ತದಲ್ಲ, ಅಂಥ ಗಾಳಿ.

ಅಳತೆಗೆ ಬಟ್ಟೆ ತೊಡಿಸಲು ದರ್ಜಿಗಳು ಇಟ್ಟುಕೊಳ್ಳುವ ಬೊಂಬೆ ಅದು. ತಲೆಯಿಲ್ಲ, ಕೈಯಿಲ್ಲ, ಸೊಂಟದ ಕೆಳಗೆ ಒಂದು ಕೋಲು ಮಾತ್ರ. ಬೆಳಿಗ್ಗೆ ಮೆಷಿನ್ನಿನ ಪಕ್ಕ ನಿಲ್ಲಿಸಿ ಹೋಗಿದ್ದಳಂತೆ. ಈಗ ಅದು ಮಂಚದ ಮೇಲೆ ಮಲಗಿತ್ತು. ಕೊರಳವರೆಗೂ ಹೊದಿಕೆ ಹೊದಿಸಿ, ಎರಡೂ ಪಕ್ಕ ಗಾಳಿ ನುಗ್ಗದಂತೆ ಒತ್ತಿ ಸಿಕ್ಕಿಸಿತ್ತು. ಕೊರಳ ಮೇಲ್ಭಾಗದಲ್ಲಿ ದಿಂಬು. ದಿಂಬಿನ ನಡುವೆ, ತಲೆ ಇರಬೇಕಾದಲ್ಲಿ, ಯಾರೋ ಕೈಯಿಂದ ಮೆತ್ತಗೆ ಒತ್ತಿದಂತೆ ಒಂದು ತಗ್ಗು.

"ದಿನಾ ಹೀಗೇ," ಎಂದಳು ದರ್ಜಿಯಮ್ಮ. "ಮೊದಲನೇ ದಿನ ಬಿದ್ದಿದೆ ಅಂದ್ಕೊಂಡೆ."

ನೀರಕ್ಕ ಹೊದಿಕೆಯ ಕೆಳತುದಿಯಲ್ಲಿ ಕೈಯಿಟ್ಟಳು. ಉಳಿದೆಲ್ಲ ಕಡೆ ಬಟ್ಟೆ ತಣ್ಣಗಿತ್ತು. ಅಲ್ಲಿ, ಕಾಲಿರಬೇಕಾದ ಜಾಗದಲ್ಲಿ ಮಾತ್ರ, ರೊಟ್ಟಿ ಮುಚ್ಚಿಟ್ಟ ಡಬ್ಬಿಯ ಹಾಗೆ ಬಿಸಿಯಿತ್ತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಇವತ್ತು ನಮ್ಮನೇಲಿ ಮಲಕ್ಕೊಳ್ಳಿ," ಎಂದಳು.

ಮರುದಿನ ದರ್ಜಿಯಮ್ಮ ಎಂದಿನಂತೆ ಕೆಲಸಕ್ಕೆ ಹೋದಳು. ನೀರಕ್ಕ ಅವಳ ಕೀಲಿ ಇಸಿದುಕೊಂಡು ವ್ಯಾನಿನೊಳಗೆ ಸೇರಿ, ಒಳಗಿನಿಂದಲೇ ಬೀಗ ತಿರುಗಿಸಿಕೊಂಡಳು. ಪೊಲೀಸರಿಗೆ ಹೇಳು ಎಂದು ಗಂಡ ಹೇಳಿದ್ದ. ಏನೆಂದು ಹೇಳುವುದು? ಕಳ್ಳ ಬಂದು ಲೋಟ ತೊಳೆದು ಹೋಗುತ್ತಾನೆ ಎಂದೇ? ಅದಲ್ಲದೆ ಅವಳ ಮನಸ್ಸಿನಲ್ಲಿ ಬಾಯಿಬಿಟ್ಟು ಹೇಳಲಾರದ್ದೊಂದು ಇತ್ತು. ಬರುವವರು ಯಾರೆಂದು ಮೊದಲು ತಾನೊಬ್ಬಳೇ ನೋಡಬೇಕಿತ್ತು ಅವಳಿಗೆ.

ಹಿಂದಿನ ಸಂಜೆ ದರ್ಜಿಯಮ್ಮ ಎತ್ತಿ ನಿಲ್ಲಿಸಿದ್ದ ಬೊಂಬೆ ಮೆಷಿನ್ನಿನ ಪಕ್ಕದಲ್ಲೇ ಇತ್ತು. ನೀರಕ್ಕ ಮಂಚಕ್ಕೂ ಬೀರುವಿಗೂ ನಡುವಿನ ಸಂದಿಯಲ್ಲಿ ನೆಲದ ಮೇಲೆ ಕೂತು, ಪೆಟ್ಟಿಗೆಯ ಹಲಗೆ ತೆಗೆದು, ತಂತಿಗೆ ಮೀಟರ್ ಕಚ್ಚಿಸಿದಳು. ಫ್ರಿಜ್ಜು ಆಗಾಗ ಒಂದು ಗುಟುಕು ಕುಡಿಯುತ್ತಿತ್ತು, ಅಷ್ಟೆ. ಹೊರಗೆ ಮಂಜು. ಪಕ್ಕದ ವ್ಯಾನಿನ ರೇಡಿಯೋ ಯಾರೋ ಕಂಬಳಿಯೊಳಗೆ ಮಾತಾಡಿದಂತೆ ಕೇಳುತ್ತಿತ್ತು. ಕಾಲು ಜೋಮು ಹಿಡಿಯಿತು. ಬೊಂಬೆಯತ್ತ ನೋಡಬಾರದೆಂದುಕೊಂಡಷ್ಟೂ ಕಣ್ಣು ಅತ್ತಲೇ ಹೋಗುತ್ತಿತ್ತು.

ಬೀಗದಲ್ಲಿ ಕೀಲಿ ತಿರುಗಿತು.

ತಡಕಾಡಲಿಲ್ಲ. ಸ್ವಂತ ಮನೆಯವರು ತೆಗೆಯುವಂತೆ ಒಂದೇ ತಿರುವಿಗೆ ತೆಗೆದುಕೊಂಡಿತು. ಮೆಟ್ಟಿಲ ಬಳಿ ಬೂಟು ಬಿಚ್ಚಿದ ಸದ್ದು. "ಬಂದೆ ಕಣೇ" ಎಂದಿತು ಒಂದು ದನಿ. ಮುದಿ ಗಂಡಸಿನ ದನಿ.

ಸಂದಿಯಿಂದ ಅವನ ಕಾಲು ಮಾತ್ರ ಕಾಣುತ್ತಿತ್ತು. ಉಣ್ಣೆಯ ಕಾಲುಚೀಲ, ಹೆಬ್ಬೆರಳಲ್ಲಿ ತೂತು. ಕಾಲುಗಳು ಮೆಲ್ಲಗೆ ಬೊಂಬೆಯ ಬಳಿ ಹೋದವು. "ಎಷ್ಟು ಹೊತ್ತು ನಿಂತೇ ಇರ್ತೀಯ? ಬಾ, ಮಲಕ್ಕೊ." ಮಂಚ ಕಿರುಗುಟ್ಟಿತು. ಹೊದಿಕೆ ಎಳೆದ ಸದ್ದು. ಚೀಲದಿಂದ ಏನೋ ತೆಗೆದು ಗೋಡೆಯ ಪ್ಲಗ್ಗಿಗೆ ಹಾಕಿದ ಸದ್ದು. ಆ ಕ್ಷಣವೇ ಅವಳ ಕೈಯ ಮೀಟರಿನಲ್ಲಿ ಅಂಕಿ ಎಗರಿತು. ಬಿಸಿ ಮಾಡುವ ಪ್ಯಾಡು. ಅಷ್ಟು ಕರೆಂಟನ್ನು ದಿನವೂ ಹೀರಿದರೆ ಎಂಥ ಬ್ಯಾಟರಿಯೂ ಸಂಜೆಗೆ ಬರಿದಾಗದೆ ಏನಾದೀತು?

"ಎಷ್ಟು ಕಾಯಿಸಿದ್ರೂ ನಿನ್ನ ಕಾಲು ಬೆಚ್ಚಗಾಗ್ತಿಲ್ಲವಲ್ಲ," ಎಂದ ಅವನು, ಕಾಲಿಲ್ಲದ ಬೊಂಬೆಗೆ. "ಸ್ವಲ್ಪ ತಡಿ. ಬ್ಯಾಟರಿ ನೋಡ್ತೀನಿ. ಅದೊಂದು ನಿಲ್ಲಬಾರದು."

ಅವನು ಮೊಣಕಾಲೂರಿ ಕೆಳಗೆ ಬಗ್ಗಿದ. ಇಬ್ಬರ ಮುಖವೂ ಎದುರುಬದುರಾಯಿತು.

ಅಪ್ಪನಲ್ಲ. ಅವಳ ಎದೆಯಲ್ಲಿ ಬಿಗಿದುಕೊಂಡಿದ್ದದ್ದು ಸಡಿಲವಾಯಿತು, ಅದರ ಜೊತೆಗೇ ಏನೋ ಕಳೆದುಕೊಂಡಂತೆಯೂ ಆಯಿತು. ಉದ್ದ ಮೂಗಿನ, ನೀಟಾಗಿ ಕ್ಷೌರ ಮಾಡಿಸಿಕೊಂಡ ಮುದುಕ. ಹೆದರಿ ಕೂಗಬೇಕಾದವನು ಅವನು. ಕೂಗಲಿಲ್ಲ, ಬೆಚ್ಚಲೂ ಇಲ್ಲ. ಅವಳನ್ನು ಅಲ್ಲೇ ನಿರೀಕ್ಷಿಸಿದ್ದವನಂತೆ ತುಟಿಯ ಮೇಲೆ ಬೆರಳಿಟ್ಟ.

"ಮೆತ್ತಗೆ ಮಾತಾಡು. ಈಗ ಕಣ್ಣು ಮುಚ್ಚಿದಾಳೆ," ಎಂದು ಪಿಸುಗುಟ್ಟಿದ. "ಅಪ್ಪ ಕಳಿಸಿದ್ರಾ?"

ನೀರಕ್ಕ ಮೀಟರನ್ನು ಕೆಳಗಿಟ್ಟಳು.

"ನೀರು ತಂದಿದೀಯಾ ಮರಿ? ಇವತ್ತು ಬೇಡ. ಮೊನ್ನೆ ಹಾಕಿದೀನಿ. ಮೊದಲು ಚಾರ್ಜು, ಆಮೇಲೆ ನೀರು. ಮೊದಲೇ ತುಂಬಿಸಿದ್ರೆ ಉಕ್ಕಿ ಹೊರಗೆ ಬರುತ್ತೆ. ನಿಮ್ಮಪ್ಪ ಹೇಳಿದ್ದೇ."

ಆ ಮಾತನ್ನು ಅವಳ ಅಪ್ಪ ಅದೇ ಏರಿಳಿತದಲ್ಲಿ, 'ಆಮೇಲೆ' ಎಂಬಲ್ಲಿ ಒಂದು ತೂಕ ಹಾಕಿ ಹೇಳುತ್ತಿದ್ದ. ನೀರಕ್ಕ ಅವನ ಮೂಗನ್ನೇ ನೋಡಿದಳು. ಎಲ್ಲೋ ಆಳದಿಂದ ಪೆಪ್ಪರ್‌ಮಿಂಟಿನ ರುಚಿ ನಾಲಿಗೆಗೆ ಬಂತು. ತನಗಿಂತ ದೊಡ್ಡ ನೀರಿನ ಕ್ಯಾನು ಎತ್ತಿಕೊಂಡು ಅಪ್ಪನ ಹಿಂದೆ ಓಡುತ್ತಿದ್ದ ವಯಸ್ಸು. ಬಿಳಿ ವ್ಯಾನು. ಒಳಗಿಂದ ಕೈ ಚಾಚಿ ಪೆಪ್ಪರ್‌ಮಿಂಟ್ ಕೊಡುತ್ತಿದ್ದ ಒಬ್ಬ ಹೆಂಗಸು, ಅವಳ ಹಿಂದೆ ಈ ಮೂಗು.

"ವ್ಯಾನ್ ಮಾಮ?" ಎಂದಳು.

"ಮತ್ತಿನ್ಯಾರು?" ಎಂದ ಅವನು.

ಅವನು ಬ್ಯಾಟರಿ ನೋಡಿ ಮುಗಿಸುವವರೆಗೂ ಅವಳು ಅಡ್ಡಬರಲಿಲ್ಲ. ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ, ಇಣುಕಿ, ಮತ್ತೆ ಬಿಗಿದ. ಒಂದು ಬಿಲ್ಲೆಯ ಬಾಲ ಹಿಡಿದು ಎಳೆದು, ಜೇಬಿನಿಂದ ಹೊಸದನ್ನು ತೆಗೆದು ತೊಡಿಸಿದ. ಆಮೇಲೆ ಲೋಟ ತೊಳೆದ, ಪ್ಯಾಡನ್ನು ಕಿತ್ತು ಚೀಲಕ್ಕೆ ಹಾಕಿಕೊಂಡ. ಬೂಟು ಹಾಕಿಕೊಳ್ಳುವ ಮುಂಚೆ ಹೊದಿಕೆಯ ಮೇಲೆ ಒಂದು ಸಲ ಕೈ ಆಡಿಸಿ "ಸಂಜೆ ಬರ್ತೀನಿ" ಎಂದ. ನೀರಕ್ಕನೂ ಅವನೊಡನೆ ಇಳಿದಳು. ಮನೆ ಯಾವುದೆಂದು ಕೇಳಿದರೆ ವ್ಯಾನನ್ನೇ ತೋರಿಸಿದ. ಅವನ ಕಾಲು ಮಾತ್ರ ದಾರಿ ಮರೆತಿರಲಿಲ್ಲ. ಮಂಜಿನಲ್ಲಿ ಅವನ ಹಿಂದೆ ನಡೆದು, ಬಯಲಿನಾಚೆಯ ಅಪಾರ್ಟ್‌ಮೆಂಟಿನ ಬಾಗಿಲಿಗೆ ಬಂದಳು. ಬಾಗಿಲು ತೆರೆದವಳು ಅವನ ಮಗಳು.

"ಪಾರ್ಕಿಗೆ ಹೋಗ್ತೀನಿ ಅಂತಾರೆ," ಎಂದಳು ಮಗಳು, ಎಲ್ಲವನ್ನೂ ಕೇಳಿದ ಮೇಲೆ. ಅಪ್ಪನನ್ನು ಒಳಗೆ ಕೂರಿಸಿ ಬಾಗಿಲೆಳೆದುಕೊಂಡು ಬಂದಿದ್ದಳು. "ಒಂದು ವರ್ಷದಿಂದ ಮರೆವು ಜಾಸ್ತಿಯಾಗಿದೆ. ವ್ಯಾನು ಮಾರಿ ಎಷ್ಟೋ ಕಾಲವಾಯ್ತು. ಎಲ್ಲೆಲ್ಲಿ ಕೈ ಬದಲಾಯಿಸಿ ಇಲ್ಲಿಗೇ ಬಂತೋ. ಬಣ್ಣ ಬೇರೆಯಾದ್ರೂ ಗುರುತು ಹಿಡಿದಿದಾರಲ್ಲ... ನನ್ನನ್ನೇ ಕೆಲವು ದಿನ ಯಾರಮ್ಮ ನೀನು ಅಂತಾರೆ."

"ಅಮ್ಮ?"

"ಆ ವ್ಯಾನಿನಲ್ಲೇ ಹೋದದ್ದು. ಇಬ್ಬರೂ ಚಳಿ ಪ್ರದೇಶಕ್ಕೆ ಹೋಗಿದ್ರು. ಡಾಕ್ಟರು ಹೃದಯ ನಿಂತಿದ್ದು ಅಂದ್ರು. ಅಪ್ಪ ಮಾತ್ರ ಒಪ್ಪಲಿಲ್ಲ. ಬ್ಯಾಟರಿ ನಿಂತು ಹೀಟರು ಆರಿಹೋಯ್ತು, ಅದಕ್ಕೇ ಅವಳ ಕಾಲು ತಣ್ಣಗಾಯ್ತು ಅಂತಾರೆ."

ದರ್ಜಿಯಮ್ಮನಿಗೆ ವಿಷಯ ತಿಳಿದಾಗ ಮೊದಲು ಸಿಟ್ಟು ಬಂತು. ತಾನು ಮಲಗುವ ಹಾಸಿಗೆಯಲ್ಲಿ ಪರಗಂಡಸೊಬ್ಬ ದಿನವೂ ಸಂಸಾರ ಮಾಡಿ ಹೋಗುತ್ತಿದ್ದನೆಂದರೆ ಯಾರಿಗೆ ಬರುವುದಿಲ್ಲ? ಅಂದೇ ಬೀಗ ಬದಲಾಯಿಸಿದಳು. ಮಗಳು ಬಂದು ಕೈ ಮುಗಿದು ಕ್ಷಮೆ ಕೇಳಿ, ಹಳೆಯ ಕೀಲಿ ಕೊಟ್ಟು ಹೋದಳು. ಬ್ಯಾಟರಿ ಸಂಜೆಗೂ ತುಂಬಿರತೊಡಗಿತು. ಮೆಷಿನ್ನು ನಿಲ್ಲದೆ ಓಡಿತು. ಆದರೆ ದರ್ಜಿಯಮ್ಮ ಸೊರಗುತ್ತಾ ಹೋದಳು.

"ಬಾಗಿಲು ತಟ್ತಾರೆ ನೀರಕ್ಕ," ಎಂದಳು ಒಂದು ದಿನ. "ರಜೆ ಅಂತ ಮನೇಲಿದ್ದೆ. ಮಗಳ ಕಣ್ಣು ತಪ್ಪಿಸಿ ಬಂದಿದ್ರು ಅನ್ಸುತ್ತೆ. ಜೋರಾಗಿ ತಟ್ಟೋದಾದ್ರೆ ಬೈದು ಕಳಿಸಬಹುದಿತ್ತು. ಮೆತ್ತಗೆ, ಒಳಗಿದ್ದೋರಿಗೆ ನಿದ್ದೆ ಕೆಡಬಾರದು ಅನ್ನೋ ಹಾಗೆ ತಟ್ತಾರೆ. 'ಒಳಗೆ ಚಳಿಯಾಗ್ತಿದೆಯಾ' ಅಂತ ಕೇಳಿದ್ರು. ನಾನು ಬಾಯಿಬಿಡಲಿಲ್ಲ. ಆದ್ರೆ ಆವತ್ತಿಂದ, ನಗಬೇಡಿ, ನನ್ನ ಕಾಲು ಬೆಚ್ಚಗಾಗ್ತಾನೇ ಇಲ್ಲ. ಎರಡು ಜೊತೆ ಕಾಲುಚೀಲ ಹಾಕಿದ್ರೂ ಅಷ್ಟೆ."

ನೀರಕ್ಕ ನಗಲಿಲ್ಲ. ಚಳಿ ಇಳಿಯುವ ಮುಂಚೆಯೇ ದರ್ಜಿಯಮ್ಮ ಎಂಜಿನ್ ಚಾಲೂ ಮಾಡಿಕೊಂಡು ಬೇರೊಂದು ಊರಿಗೆ ಹೊರಟುಹೋದಳು. ಹೋಗುವಾಗ ಬೊಂಬೆಯನ್ನು ಕಸದ ತೊಟ್ಟಿಯ ಪಕ್ಕ ನಿಲ್ಲಿಸಿ ಹೋಗಿದ್ದಳು. ಅದನ್ನು ಯಾರು ಒಯ್ದರೆಂದು ಗೊತ್ತಾಗಲಿಲ್ಲ.

ವ್ಯಾನು ಹೋದ ಮೇಲೂ ಮುದುಕ ಬರುವುದು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಬೇರೆ ವ್ಯಾನಿಗೆ ನೀರು ಹಾಕಲು ಹೋದ ನೀರಕ್ಕ ಅವನನ್ನು ಕಂಡಳು. ಖಾಲಿ ಜಾಗದಲ್ಲಿ, ಚಕ್ರದ ಗುರುತುಗಳ ನಡುವೆ ಅವನು ನಿಂತಿದ್ದ. ಬೂಟುಗಳನ್ನು ಪಕ್ಕಕ್ಕೆ ಜೋಡಿಸಿಟ್ಟು, ಇಲ್ಲದ ಮೆಟ್ಟಿಲು ಹತ್ತುವಂತೆ ಕಾಲೆತ್ತಿ, ಎರಡು ಹೆಜ್ಜೆ ನಡೆದು, ಸರಿಯಾಗಿ ಮಂಚವಿದ್ದ ಜಾಗದಲ್ಲಿ ಒದ್ದೆ ನೆಲದ ಮೇಲೆ ಮೊಣಕಾಲೂರಿದ. ಗಾಳಿಯಲ್ಲಿ ಒಂದು ಹಲಗೆ ಸರಿಸಿ ಒಳಗೆ ಕೈಹಾಕಿದ. ಹುಡುಕಿದ. ಮತ್ತೆ ಹುಡುಕಿದ. ಅವನ ಮುಖದಲ್ಲಿ ಏರುತ್ತಿದ್ದ ಗಾಬರಿಯನ್ನು ನೀರಕ್ಕನಿಂದ ನೋಡಲಾಗಲಿಲ್ಲ.

"ಮಾಮ," ಎಂದು ತೋಳು ಹಿಡಿದಳು. "ಬ್ಯಾಟರಿ ನಮ್ಮಂಗಡೀಲಿದೆ. ಚಾರ್ಜಿಗೆ ಹಾಕಿದೀವಿ. ಬನ್ನಿ."

"ಅಲ್ಲಿದೆಯಾ?" ಎಂದ. ಉಸಿರು ಬಿಟ್ಟ. "ಮೊದಲೇ ಹೇಳಬಾರದಾ?"

ಅಂದಿನಿಂದ ಮಗಳು ಕೆಲಸಕ್ಕೆ ಹೋಗುವ ಮುಂಚೆ ಅವನನ್ನು ನೀರಕ್ಕನ ಅಂಗಡಿಗೆ ತಂದು ಬಿಡುವ ರೂಢಿಯಾಯಿತು. ಹಾಳಾದ ಬ್ಯಾಟರಿಯೊಂದನ್ನು ತೊಳೆದು, ಆಸಿಡ್ ಚೆಲ್ಲಿ ಬರೀ ನೀರು ತುಂಬಿ ಅವನ ಮುಂದಿಟ್ಟರೆ ದಿನವೆಲ್ಲ ಅದನ್ನು ನೋಡಿಕೊಂಡು ಕೂರುತ್ತಿದ್ದ. ಹಳೆ ಕಂಬಳಿ ಕತ್ತರಿಸಿ ಬಿಲ್ಲೆ ಮಾಡುತ್ತಿದ್ದ. ಅವನ ಬಾಲದ ಬಿಲ್ಲೆಗಳು ಈಗ ಬಯಲಿನ ಎಲ್ಲ ವ್ಯಾನುಗಳಲ್ಲೂ ಇವೆ. "ನಿನಗೊಬ್ಬ ಮಾವ ಸಾಲದು ಅಂತ ಇನ್ನೊಬ್ರು ಸಿಕ್ಕಿದ್ರು" ಎಂದು ಗಂಡ ತಮಾಷೆ ಮಾಡುತ್ತಿದ್ದ. ಆದರೆ ಅಂಗಡಿಗೆ ಬಂದರೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಕಾರಣವಿತ್ತು. ಮುದುಕ ಕೆಲಸ ಮಾಡುತ್ತಾ ಮಾಡುತ್ತಾ ಮೂಲೆಯ ಖಾಲಿ ಸ್ಟೂಲಿನತ್ತ ತಿರುಗಿ ಮಾತಾಡುತ್ತಿದ್ದ. ಕೇಳಿಸಿಕೊಳ್ಳುತ್ತಿದ್ದ. ಹೂಂಗುಟ್ಟುತ್ತಿದ್ದ. ಕೆಲವೊಮ್ಮೆ ಅಲ್ಲಿಂದ ಬಂದ ಯಾವುದೋ ಮಾತಿಗೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ.

ನೀರಕ್ಕ ಮೊದಮೊದಲು ಅಂಜಿದಳು, ಆಮೇಲೆ ಒಗ್ಗಿಕೊಂಡಳು. ಮರೆವಿನವರು ಹಾಗೇ ಎಂದು ಮಗಳು ಹೇಳಿದ್ದಳಲ್ಲ.

ಒಂದು ಮಧ್ಯಾಹ್ನ ದೊಡ್ಡ ಬ್ಯಾಟರಿಯೊಂದರ ತಂತಿ ಬಿಗಿಯಲು ಅವಳು ಸ್ಪ್ಯಾನರ್ ಹಿಡಿದು ಬಗ್ಗಿದ್ದಳು. ಅವಸರ, ಗಿರಾಕಿ ಹೊರಗೆ ಕಾಯುತ್ತಿದ್ದ. ಮುದುಕ ಬಿಲ್ಲೆ ಕತ್ತರಿಸುತ್ತಿದ್ದವನು ತಟ್ಟನೆ ತಲೆಯೆತ್ತಿ ಸ್ಟೂಲಿನತ್ತ ನೋಡಿದ. ಗಮನವಿಟ್ಟು ಕೇಳಿದ. ಆಮೇಲೆ ಎದ್ದು ಬಂದು ಅವಳ ಮಣಿಕಟ್ಟು ಹಿಡಿದ. ಹಿಡಿತ ಮುದುಕರದ್ದಾಗಿರಲಿಲ್ಲ.

"ಉಂಗುರ ತೆಗೀಬೇಕಂತೆ," ಎಂದ.

ನೀರಕ್ಕ ತನ್ನ ಕೈ ನೋಡಿಕೊಂಡಳು. ಹಿಂದಿನ ದಿನ ಗಂಡ ತಂದುಕೊಟ್ಟ ಹೊಸ ಉಂಗುರ. ಬೆರಳಲ್ಲಿ ಹಾಗೇ ಇತ್ತು. ಸ್ಪ್ಯಾನರು ಬ್ಯಾಟರಿಯ ಒಂದು ತುದಿ ಕಚ್ಚಿರುವಾಗ ಅದು ಸ್ಪ್ಯಾನರಿಗೂ ಇನ್ನೊಂದು ತುದಿಗೂ ತಾಗಿದ್ದರೆ ಕರೆಂಟು ಹರಿದು ಕ್ಷಣದಲ್ಲಿ ಕೆಂಪಗೆ ಕಾದು ಬೆರಳನ್ನೇ ತಿಂದುಹಾಕುತ್ತಿತ್ತು. ಅಂಗಡಿಯಲ್ಲಿ ಮಂದ ಬೆಳಕು. ಮುದುಕ ಕೂತಿದ್ದ ಜಾಗ ದೂರ, ಅವಳ ಕೈ ಇದ್ದದ್ದು ಬ್ಯಾಟರಿಯ ಮರೆಯಲ್ಲಿ. ಸ್ಟೂಲು ಇದ್ದದ್ದು ಅವಳ ಬೆನ್ನ ಹಿಂದೆ.

ಅವಳು ಹಿಂದೆ ತಿರುಗಿ ನೋಡಲಿಲ್ಲ. ಉಂಗುರ ಕಳಚಿ ಜೇಬಿಗೆ ಹಾಕಿಕೊಂಡು, "ತೆಗೆದೆ ಅಂತ ಹೇಳಿ ಮಾಮ" ಎಂದಳು. ಮುದುಕ ಹೇಳಿದ. ಅವಳು ಮತ್ತೆ ಸ್ಪ್ಯಾನರ್ ಎತ್ತಿಕೊಂಡು ತಂತಿ ಬಿಗಿದಳು.